ಗುಡ್ಡ ನಮ್ಮೆಲ್ಲರ ಜಂಟಿ ಖಾತೆ

ಮಕ್ಕಳೇ, ಶಿವರಾತ್ರಿ ಹೊತ್ತಿಗೆ ನಮ್ಮ ಬಳ್ಳಾರಿ ಸೀಮೆಯ ಗುಡ್ಡಗಳಲ್ಲಿ ಹುಲ್ಲು ಒಣಗಿ ನಿಂತಿರುತ್ತದೆ. ಆರಿಸದೆ ಎಸೆದ ಒಂದು ಬೀಡಿ ತುಂಡು ಸಾಕು. ಬೆಂಕಿ ಇಳಿಜಾರಿಗಿಂತ ಏರಿನಲ್ಲಿ ಬೇಗ ಓಡುತ್ತದೆ.

ನಾನು ಬ್ಯಾಂಕಿನಲ್ಲಿದ್ದಾಗ ಸಿರುಗುಪ್ಪ, ಕುರುಗೋಡು ಕಡೆಯ ರೈತರು ನನ್ನ ಕೌಂಟರಿಗೆ ಬರುತ್ತಿದ್ದರು. ಕುರುಗೋಡು ಕಡೆಯ ಕುರಿ ಕಾಯುವ ಅಜ್ಜ ಒಬ್ಬರು, "ಹಳೇ ಹುಲ್ಲು ಸುಟ್ರೆ ಹೊಸ ಚಿಗುರು ಚೆನ್ನಾಗಿ ಬರ್ತೈತ್ರಿ ಸಾರ್" ಎಂದಿದ್ದರು. ಚಿಗುರು ಬರುವುದು ನಿಜ. ಆದರೆ ಎಳೆಯ ಸಸಿಗಳು, ನೆಲದಲ್ಲಿಟ್ಟ ಗೌಜುಗದ ಮೊಟ್ಟೆಗಳು ಸುಟ್ಟುಹೋಗುತ್ತವೆ. ಮಳೆ ಬಂದಾಗ ಬರಿ ಮಣ್ಣು ಕೊಚ್ಚಿ ಕೆರೆ ಸೇರುತ್ತದೆ. ಹುಲ್ಲು ಬಡ್ಡಿ, ಮಣ್ಣು ಅಸಲು. ಬಡ್ಡಿಯ ಆಸೆಗೆ ಅಸಲು ಸುಡುವುದು ಯಾವ ಲೆಕ್ಕ?

ಸಂಡೂರು ತಾಲ್ಲೂಕಿನ ದರೋಜಿಯಲ್ಲಿ 1994ರಲ್ಲಿ ಕರಡಿ ಧಾಮವಾಯಿತು. ಕಾಡಿನ ಹಣ್ಣು, ಗೆದ್ದಲು, ಜೇನು ಕರಡಿಯ ಊಟ. ಪೊದೆ ಸುಟ್ಟರೆ ಹಸಿದ ಕರಡಿ ಹೊಲಕ್ಕೇ ಬರಬೇಕು.

ಅರಣ್ಯ ಇಲಾಖೆಯವರು ಬೇಸಿಗೆಗೆ ಮುಂಚೆ ಹುಲ್ಲು ತೆಗೆದು ಬೆಂಕಿ ರೇಖೆ ಮಾಡುತ್ತಾರೆ, ಹಳ್ಳಿಗಳಿಗೆ ಬಂದು ತಿಳಿಹೇಳುತ್ತಾರೆ. ಆದರೂ 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಕಾಡು ಸುಟ್ಟಿತು. ಊರವರು ಕೈಜೋಡಿಸದೆ ಇಲಾಖೆಯೊಂದೇ ಕಾಡು ಕಾಯಲಾರದು.

ಸರ್ಕಾರಿ ಜಾಗವೆಂದರೆ ಯಾರದ್ದೂ ಅಲ್ಲ ಎನ್ನುವವರಿದ್ದಾರೆ. ಅಲ್ಲ, ಅದು ಎಲ್ಲರ ಜಂಟಿ ಖಾತೆ. ಅದರಲ್ಲಿ ನಿಮ್ಮ ಹೆಸರೂ ಇದೆ. ಗುಡ್ಡದಲ್ಲಿ ಹೊಗೆ ಕಂಡರೆ ಆರಿಸಲು ಓಡಬೇಡಿ. ಮನೆಯ ಹಿರಿಯರಿಗೆ ಹೇಳಿ, ಅರಣ್ಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿಸಿ. ಅಜ್ಜ ಅಜ್ಜಿಯರೇ, ಈ ನಂಬರನ್ನು ಮೊಮ್ಮಕ್ಕಳ ಕೈಲಿ ಇವತ್ತೇ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆಸಿಡಿ.