ಹೆಂಚಿನವರು, ಸಿಮೆಂಟಿನವರು

ನಮ್ಮ ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ಚಹದ ಹೊತ್ತಿಗೆ ಚರ್ಚೆಗೆ ಬಾರದ ವಿಷಯವಿಲ್ಲ. ಮೊನ್ನೆ ಇತಿಹಾಸದ ಅಧ್ಯಾಪಕ ಮಿತ್ರರೊಬ್ಬರು ತಮ್ಮ ದಾಯಾದಿಗಳ ವ್ಯಾಜ್ಯದ ವೃತ್ತಾಂತವನ್ನು ಮುಗಿಸಿ, ನಿಟ್ಟುಸಿರಿಟ್ಟು, ನನ್ನ ಕಡೆಗೆ ತಿರುಗಿ, "ನೀವೇ ಪುಣ್ಯವಂತರು ಸ್ವಾಮಿ! ಭಾನುವಾರ ಗಂಟೆ ಬಾರಿಸಿದರೆ ಸಾಕು, ಎಲ್ಲರೂ ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು ಒಂದೇ ಬೆಂಚಿನಲ್ಲಿ ಕುಳಿತು ಒಂದೇ ಹಾಡನ್ನು ಹಾಡುತ್ತೀರಿ. ಇಂಥ ಒಗ್ಗಟ್ಟು ನಮಗೆಲ್ಲಿಂದ ಬರಬೇಕು?" ಎಂದರು. ನಾನು ಲೋಟವನ್ನು ಕೆಳಗಿಟ್ಟು ನಕ್ಕುಬಿಟ್ಟೆ. ಅವರಿಗೆ ಬೇಸರವಾಯಿತೆಂದು ತೋರುತ್ತದೆ. ಆ ನಗುವಿನ ಅರ್ಥವನ್ನು ಅವರಿಗೆ ಅಲ್ಲಿ ಹೇಳಲು ಸಮಯವಿರಲಿಲ್ಲ; ಗಂಟೆಯಾಗಿತ್ತು, ಪಂಪನು ಕಾಯುತ್ತಿದ್ದನು. ಆದುದರಿಂದ ಇಲ್ಲಿ ಹೇಳುತ್ತಿದ್ದೇನೆ.

ದೇವಾಲಯದಲ್ಲಿ ಆರಾಧನೆಗೆ ಕೂಡುವ ಜನಸಮುದಾಯವನ್ನು ನಾವು 'ಸಭೆ' ಎಂದು ಕರೆಯುತ್ತೇವೆ. ಬಹಳ ಒಳ್ಳೆಯ ಶಬ್ದ. ಸಭೆಯೆಂದ ಮೇಲೆ ಜನ ಮಾತನಾಡಬೇಕು. ಜನ ಮಾತನಾಡಿದ ಮೇಲೆ ಜಗಳ ಹೊರಗೆ ನಿಲ್ಲುವುದುಂಟೆ? ಸಭಾಪರ್ವವನ್ನು ಪಾಠ ಹೇಳುವ ನನಗೆ ಇದೇನೂ ಹೊಸ ಸಂಗತಿಯಲ್ಲ. ಕ್ರೈಸ್ತಧರ್ಮದ ಆರಂಭದ ದಿನಗಳಲ್ಲಿಯೇ, ಕೊರಿಂಥವೆಂಬ ಗ್ರೀಕ್ ಪಟ್ಟಣದ ಸಭೆಯವರು 'ನಾನು ಪೌಲನ ಕಡೆಯವನು', 'ನಾನು ಅಪೊಲ್ಲೋಸನ ಕಡೆಯವನು' ಎಂದು ಬಣಗಳಾಗಿ ಒಡೆದಿದ್ದರು. ಒಟ್ಟಾಗಿ ಉಣ್ಣಲು ಕುಳಿತಾಗ ಉಳ್ಳವನು ಕುಡಿದು ಅಮಲೇರಿದ್ದರೆ ಇಲ್ಲದವನು ಹಸಿದೇ ಇರುತ್ತಿದ್ದನಂತೆ. ಅವರನ್ನು ಗದರಿಸಿ ಪೌಲನು ಬರೆದ ಪತ್ರ ಬೈಬಲಿನಲ್ಲಿದೆ. ಆ ಜನ ಜಗಳವಾಡದೆ ಇದ್ದಿದ್ದರೆ ಅಷ್ಟು ಒಳ್ಳೆಯ ಪತ್ರವೊಂದು ನಮಗೆ ಸಿಕ್ಕುತ್ತಿರಲಿಲ್ಲವೆಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ನನ್ನ ಊರು ದಕ್ಷಿಣ ಕನ್ನಡದ ಒಂದು ಸಣ್ಣ ಪೇಟೆ. ನಮ್ಮದು ಬಾಸೆಲ್ ಮಿಷನ್ನಿನವರು ಕಟ್ಟಿದ ಸಭೆ. ಆ ಮಿಷನರಿಗಳು 1834ರಲ್ಲಿ ಮಂಗಳೂರಿಗೆ ಬಂದಿಳಿದರು. 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದ ಮೋಗ್ಲಿಂಗ್, 1894ರಲ್ಲಿ ಅಚ್ಚಾದ ನಿಘಂಟಿನ ಕಿಟೆಲ್ ಇವರೆಲ್ಲ ಆ ಬಳಗದವರೇ ಎಂಬುದು ಓದುಗರಿಗೆ ತಿಳಿದೇ ಇದೆ. ಆದರೆ ನಮ್ಮ ಮನೆಯ ಮಟ್ಟಿಗೆ ಅವರಿಗಿಂತ ದೊಡ್ಡವನು, 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದ ಪ್ಲೆಬ್ಸ್ಟ್. ಹೊಸ ಮತಕ್ಕೆ ಸೇರಿ ಮನೆ, ನೆಂಟರು, ಕಸಬು ಮೂರನ್ನೂ ಕಳೆದುಕೊಂಡವರಿಗೆ ಕಾರ್ಖಾನೆಯಲ್ಲಿ ಗಂಜಿಯ ದಾರಿ ಸಿಕ್ಕಿತು. ನನ್ನ ಮುತ್ತಜ್ಜನ ತಂದೆ ಅಲ್ಲಿ ಮಣ್ಣು ತುಳಿದವನು. ಆ ಮೊದಲ ತಲೆಮಾರಿನ ಒಗ್ಗಟ್ಟಿನಲ್ಲಿ ಭಕ್ತಿಯ ಪಾಲೆಷ್ಟು, ಹೋಗಲು ಬೇರೆ ಜಾಗವಿಲ್ಲದುದರ ಪಾಲೆಷ್ಟು ಎಂದು ತೂಗಿ ಹೇಳುವ ಧೈರ್ಯ ನನಗಿಲ್ಲ. ಆದರೆ 1914ರಲ್ಲಿ ಮೊದಲ ಮಹಾಯುದ್ಧ ಬಂತು. ಜರ್ಮನ್ ಮಿಷನರಿಗಳನ್ನು ಸರ್ಕಾರ ಹಿಡಿದಿಟ್ಟು, ಕೊನೆಗೆ ದೇಶದಿಂದ ಕಳುಹಿಸಿತು. ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ವಶಕ್ಕೆ ಹೋದವು. ಸಂಬಳ ಕೊಡುವ ಕೈ ಬದಲಾಯಿತು. ಉಪದೇಶ ಮಾಡುವ ಬಾಯಿ ಹಡಗು ಹತ್ತಿತು. ಸಭೆ ಚದುರಿಹೋಗುವುದಿದ್ದರೆ ಆಗಲೇ ಹೋಗಬೇಕಾಗಿತ್ತು. ಹೋಗಲಿಲ್ಲ.

ಅಂಥ ಸಭೆ 2022ರ ಮಳೆಗಾಲದಲ್ಲಿ ಒಂದು ಸೋರುವ ಮಾಡಿನ ದೆಸೆಯಿಂದ ಎರಡಾಯಿತು.

ನಮ್ಮ ದೇವಾಲಯದ್ದು ಹೆಂಚಿನ ಮಾಡು. ಪಕ್ಕಾಸು ಗೆದ್ದಲು ಹಿಡಿದಿತ್ತು, ರೀಪುಗಳು ಬಾಗಿದ್ದವು, ಪ್ರಸಂಗಪೀಠದ ಪಕ್ಕದಲ್ಲಿಯೇ ಬಕೆಟ್ಟು ಇಡಬೇಕಾಗಿತ್ತು. ಹಳೆಯ ಕಟ್ಟಡವನ್ನು ಕೆಡವಿ ಕಾಂಕ್ರೀಟಿನ ದೇವಾಲಯವನ್ನು ಕಟ್ಟಬೇಕೆಂದು ಕೆಲವರು. ಮರ ಬದಲಿಸಿ ಹೆಂಚನ್ನೇ ಹೊದಿಸಬೇಕೆಂದು ಕೆಲವರು. ಊರಿನ ಇತರ ಜನ ನಮಗೆ ಹೆಸರಿಟ್ಟುಬಿಟ್ಟರು: ಹೆಂಚಿನವರು, ಸಿಮೆಂಟಿನವರು. ನನ್ನ ತಂದೆ ಹೆಂಚಿನವರ ಮುಂದಾಳು. ಸಿಮೆಂಟಿನವರ ಮುಂದಾಳು ನಮ್ಮ ಪಕ್ಕದ ಮನೆಯವರು; ಪೇಟೆಯಲ್ಲಿ ಕಬ್ಬಿಣ, ಸಿಮೆಂಟು, ಬಣ್ಣದ ಅಂಗಡಿ ಇಟ್ಟವರು; ನಾನು ಹುಟ್ಟಿದಂದಿನಿಂದ 'ಮಾವ' ಎಂದು ಕರೆದವರು.

ಮಾವನ ವಿಷಯ ಇನ್ನೂ ಒಂದು ಮಾತು ಹೇಳಬೇಕು. ನಮ್ಮ ಸಭೆಗಳಲ್ಲಿ ಹಾಡನ್ನು ನಾಲ್ಕು ಸ್ವರಗಳಲ್ಲಿ ಹಾಡುವುದು ಹಳೆಯ ರೂಢಿ. ಹೆಂಗಸರದು ಸೊಪ್ರಾನೊ, ಆಲ್ಟೊ. ಗಂಡಸರದು ಟೆನರ್, ಬೇಸ್. ರಾಗ ಎಲ್ಲೋ ಜರ್ಮನಿಯ ಹಳ್ಳಿಯದು, ಮಾತು ನಮ್ಮ ಕನ್ನಡದ್ದು. ನಾಲ್ಕರಲ್ಲಿ ಒಂದು ಸ್ವರ ಬಿದ್ದುಹೋದರೂ ಹಾಡು ಒಂದು ಕಾಲು ಮುರಿದ ಮಂಚದಂತೆ ವಾಲುತ್ತದೆ. ತಂದೆಯವರು ಟೆನರ್; ಮಾವ ಬೇಸ್. ನಲವತ್ತು ವರ್ಷ ಇಬ್ಬರೂ ಪಕ್ಕಪಕ್ಕದಲ್ಲಿ ನಿಂತು ಹಾಡಿದವರು. ಹತ್ತು ವರ್ಷದ ನನಗೆ ಮೊಣಕಾಲು ತಟ್ಟಿ ತಾಳ ಹಾಕುತ್ತ ದೊ, ರೆ, ಮಿ ಕಲಿಸಿದವರು ಮಾವ.

ಜಗಳ ಏರಿತು. ಗಾಯಕವೃಂದಕ್ಕೆ ಮಾವ ಬರುವುದನ್ನು ನಿಲ್ಲಿಸಿದರು. ಅವರೊಂದಿಗೆ ಬೇಸ್ ಹಾಡುವ ಇನ್ನಿಬ್ಬರೂ ನಿಂತರು. ಕರ್ತನ ಭೋಜನದ ಭಾನುವಾರ ಒಂದೇ ರೊಟ್ಟಿಯಲ್ಲಿ ಪಾಲು ತೆಗೆದುಕೊಳ್ಳಬೇಕಾದವರು ಒಬ್ಬರ ಮುಖವನ್ನೊಬ್ಬರು ನೋಡದಂತೆ ಬೇರೆ ಬೇರೆ ಸಾಲು ಹಿಡಿದರು. ಸುಗ್ಗಿಯ ಹಬ್ಬದ ದಿನ, ಜನ ತಂದೊಪ್ಪಿಸಿದ ತೆಂಗು, ಬಾಳೆ, ಕೋಳಿಗಳನ್ನು ಏಲಂ ಹಾಕುವಾಗ, ಒಂದು ಸಾಧಾರಣ ಕುಂಬಳಕಾಯಿಯ ಮೇಲೆ ಎರಡು ಪಕ್ಷಕ್ಕೂ ಹಟ ಬಂತು. 'ಒಂದು ಬಾರಿ, ಎರಡು ಬಾರಿ' ಎಂದು ಕೂಗುವವನ ಗಂಟಲು ಒಣಗಿದರೂ ಮೂರನೆಯ ಬಾರಿ ಬರಲೊಲ್ಲದು. ಕಡೆಗೆ ಮೂರು ಸಾವಿರದ ಇನ್ನೂರು ರೂಪಾಯಿಗೆ ನಮ್ಮ ತಂದೆಯವರೇ ಗೆದ್ದರು. ಒಂದು ವಾರ ಮನೆಯಲ್ಲಿ ಕುಂಬಳಕಾಯಿಯ ಹುಳಿಯೇ. ಜಗಳದಿಂದ ಸಭೆಯ ಬೊಕ್ಕಸಕ್ಕೆ ಆದ ಲಾಭ ಅದೊಂದು.

ಗಂಡಸರ ಈ ಸಮರದಲ್ಲಿ ಹೆಂಗಸರು ಸೇರಲಿಲ್ಲವೆಂಬುದನ್ನು ಮರೆಯದೆ ಬರೆಯಬೇಕು. ಆಟಿ ತಿಂಗಳಲ್ಲಿ ಅಮ್ಮನ ಪತ್ರೊಡೆ ಪಾಗಾರದ ಮೇಲಿಂದ ಆಚೆಗೆ ಹೋಗುತ್ತಿತ್ತು. ಆಚೆಯಿಂದ ಪಾತ್ರೆ ಬರಿದಾಗಿ ಹಿಂದಿರುಗುತ್ತಿರಲಿಲ್ಲ. ತಂದೆಯವರು ಅದನ್ನು ಕಂಡೂ ಕಾಣದವರಂತೆ ಪತ್ರಿಕೆ ಓದುತ್ತಿದ್ದರು, ಬಳಿಕ ಕಾಣದವರಂತೆಯೇ ಉಣ್ಣುತ್ತಿದ್ದರು.

ಇನ್ನು ನನ್ನ ಪಾತ್ರ. ಹೇಳಲು ನಾಚಿಕೆಯಾಗುತ್ತದೆ. ಮೇಲಿನವರಿಗೆ ಒಂದು ಮನವಿ ಬರೆಯಬೇಕೆಂದು ಹೆಂಚಿನವರು ನಿಶ್ಚಯಿಸಿದರು. ಕನ್ನಡದಲ್ಲಿ ಎಂ.ಎ. ಮಾಡಿದವನು ಮನೆಯಲ್ಲಿರುವಾಗ ಬೇರೆಯವರು ಬರೆಯುವುದುಂಟೆ? ರಜೆಗೆ ಬಂದಿದ್ದ ನಾನು ಒಂದು ರಾತ್ರಿ ಕುಳಿತು ನಾಲ್ಕು ಪುಟ ಬರೆದೆ. ಬರೆಯುತ್ತ ಬರೆಯುತ್ತ ಕೈಗೆ ಹುರುಪು ಬಂತು. 'ದೇವಾಲಯದ ಮೇಲಿನ ಭಕ್ತಿಗಿಂತ ಸಿಮೆಂಟಿನ ಮೂಟೆಯ ಮೇಲಿನ ಭಕ್ತಿ ಕೆಲವರಲ್ಲಿ ಪ್ರಬಲವಾಗಿರುವುದು ಶೋಚನೀಯ' ಎಂಬ ಒಂದು ವಾಕ್ಯವನ್ನು ಹೊಸೆದು, ಎರಡು ಸಲ ಗಟ್ಟಿಯಾಗಿ ಓದಿ ಸಂತೋಷಪಟ್ಟೆ. ಮನವಿಯ ಪ್ರತಿ ಊರೆಲ್ಲ ಸುತ್ತಿತು. ಆ 'ಕೆಲವರು' ಯಾರೆಂದು ಕೇಳುವ ಅಗತ್ಯ ಯಾರಿಗೂ ಬೀಳಲಿಲ್ಲ. ನಾಲ್ಕು ದಿನ ಕಳೆದು ಅಮ್ಮ ಅಡಿಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತ, ತಲೆಯೆತ್ತದೆ, "ಮೂಟೆಗಳನ್ನೆಲ್ಲ ಧರ್ಮಕ್ಕೆ ಕೊಡುತ್ತೇನೆಂದು ಅವರು ಮೊದಲೇ ಹೆಂಡತಿಯ ಹತ್ತಿರ ಹೇಳಿದ್ದರಂತೆ, ಮಗಾ," ಎಂದಳು. ಮತ್ತೇನೂ ಹೇಳಲಿಲ್ಲ.

ಪಾಪಪರಿಹಾರಕ್ಕೋ ಎಂಬಂತೆ ನಾನು ಐಕ್ಯದ ಇತಿಹಾಸವನ್ನು ಓದತೊಡಗಿದೆ. ದಕ್ಷಿಣ ಭಾರತದ ಸಭೆ ಹುಟ್ಟಿದ ಕಥೆ ನಿಜಕ್ಕೂ ಓದತಕ್ಕದ್ದು. 1919ರಲ್ಲಿ ತರಂಗಂಬಾಡಿಯಲ್ಲಿ ಬೇರೆ ಬೇರೆ ಪಂಗಡಗಳ ಕೆಲವರು ಕೂಡಿ, ಪಶ್ಚಿಮದವರ ಹಳೆಯ ಒಡಕುಗಳನ್ನು ನಾವೇಕೆ ಹೊರಬೇಕೆಂದು ಕೇಳಿದರು. ಅವರಲ್ಲಿ ಹೆಚ್ಚಿನವರು ಭಾರತೀಯರು. ಬಿಷಪ್ ಅಜರಯ್ಯ ಅವರ ಮುಂದಾಳು. ಬಿಷಪ್ಪರು ಬೇಕೇ ಬೇಕೆನ್ನುವ ಆಂಗ್ಲಿಕನರು, ಬಿಷಪ್ಪರೇ ಬೇಡವೆಂದು ಬಂದವರ ಸಂತತಿಯಾದ ಪ್ರೆಸ್ಬಿಟೇರಿಯನರು ಹಾಗೂ ಕಾಂಗ್ರಿಗೇಷನಲಿಸ್ಟರು, ಜೊತೆಗೆ ಮೆಥಡಿಸ್ಟರು. ಇವರನ್ನೆಲ್ಲ ಕೂಡಿಸಲು ಇಪ್ಪತ್ತೆಂಟು ವರ್ಷ ಹಿಡಿಯಿತು. ಅಜರಯ್ಯನವರು ಅದನ್ನು ಕಾಣದೆ 1945ರ ಹೊಸ ವರ್ಷದ ದಿನ ತೀರಿಕೊಂಡರು. 1947ರ ಸೆಪ್ಟೆಂಬರ್ 27ರಂದು ಮದರಾಸಿನ ಸೇಂಟ್ ಜಾರ್ಜ್ ಕೆಥೀಡ್ರಲಿನಲ್ಲಿ ಐಕ್ಯವಾಯಿತು. ನನಗೆ ಬಹಳ ಹಿಡಿಸಿದ್ದು ಅವರು ಬರೆದುಕೊಟ್ಟ ಒಂದು ಮಾತು: ಯಾವ ಸಭೆಯ ಮೇಲೂ ಅದರ ಮನಸ್ಸಾಕ್ಷಿ ಒಪ್ಪದ ಆರಾಧನಾಕ್ರಮವನ್ನಾಗಲಿ, ಸಭಾಪಾಲಕನನ್ನಾಗಲಿ ಹೇರುವುದಿಲ್ಲ ಎಂಬ ವಾಗ್ದಾನ. ಎಲ್ಲರೂ ಒಂದೇ ತರಹ ಆಗಬೇಕೆಂದು ಹಟ ಹಿಡಿದಿದ್ದರೆ ಇನ್ನೂ ಇಪ್ಪತ್ತೆಂಟು ವರ್ಷ ಕಳೆದರೂ ಕೂಡುತ್ತಿರಲಿಲ್ಲವೇನೋ.

ಇದನ್ನೆಲ್ಲ ಟಿಪ್ಪಣಿ ಮಾಡಿಕೊಂಡು ಮುಂದಿನ ರಜೆಯಲ್ಲಿ ಸಭೆಯ ಸರ್ವಸದಸ್ಯರ ಕೂಟದಲ್ಲಿ ಇಪ್ಪತ್ತು ನಿಮಿಷ ಮಾತನಾಡಿದೆ. ಎರಡು ಪಕ್ಷದವರೂ ಚಪ್ಪಾಳೆ ತಟ್ಟಿದರು. ಸಭಾಪಾಲಕರು ಕನ್ನಡಕ ಒರೆಸಿಕೊಂಡರು. ನಾನು ಕುಳಿತೊಡನೆ ಹೆಂಚಿನ ದರಪಟ್ಟಿಯ ಮೇಲೆ ಜಗಳ ನಿಂತಲ್ಲಿಂದ ಮುಂದುವರಿಯಿತು.

2024ರ ಜುಲೈಯಲ್ಲಿ ಸಭೆಯ ಅತ್ಯಂತ ಹಿರಿಯ ಅಜ್ಜಿ ತೀರಿಕೊಂಡರು. ಮದುವೆಯಾಗದೆ, ಮಕ್ಕಳಿಲ್ಲದೆ, ಊರಿನ ಅರ್ಧ ಮಕ್ಕಳಿಗೆ ಅಕ್ಷರ ಕಲಿಸಿದ ಹೆಂಗಸು. ಹೆಂಚಿನವರೋ ಸಿಮೆಂಟಿನವರೋ ಎಂದು ಕೇಳಿದವರಿಗೆ "ನನಗೆ ಕಿವಿ ಕೇಳುವುದಿಲ್ಲಪ್ಪ" ಎಂದು ಹೇಳಿ ಪಾರಾದವರು. ಅಂದು ನಾನು ಊರಿನಲ್ಲಿದ್ದೆ. ಸಾವಿನ ಗಂಟೆ ನಿಧಾನವಾಗಿ ಬಾರಿಸಿತು. ಅಜ್ಜಿಗೆ ನೆಂಟರೆಂದರೆ ಸಭೆಯೇ. ಪೆಟ್ಟಿಗೆ ಮಾಡುವ ಬಡಗಿ ಸಿಮೆಂಟಿನವನು. ಸ್ಮಶಾನದ ಬೀಗದ ಕೈ ಹೆಂಚಿನವರ ಬಳಿ. ಪೆಟ್ಟಿಗೆ ಹೊರಲು ಆರು ಮಂದಿ ಬೇಕು. ಆ ಮಳೆಯಲ್ಲಿ, ಜಾರುವ ಗುಡ್ಡದ ಹಾದಿಯಲ್ಲಿ, ಪಕ್ಷ ನೋಡಿ ಆರಿಸಲು ಅಷ್ಟು ಗಟ್ಟಿಯಾದ ಭುಜಗಳು ಯಾವ ಪಕ್ಷದಲ್ಲಿಯೂ ಇರಲಿಲ್ಲ. ಯಾರೂ ಯಾರನ್ನೂ ಕರೆಯಲಿಲ್ಲ. ಬಂದು ಹೆಗಲು ಕೊಟ್ಟರು. ಸಿದ್ಧಾಂತವನ್ನು ಒಬ್ಬನೇ ಮನೆಯಲ್ಲಿ ಕುಳಿತು ಒಪ್ಪಬಹುದು, ಬಿಡಬಹುದು. ಹೆಣವನ್ನು ಒಬ್ಬನೇ ಹೊರಲಾಗುವುದಿಲ್ಲ.

ಗುಂಡಿಯ ಕೆಂಪು ನೀರನ್ನು ಬಕೆಟ್ಟಿನಲ್ಲಿ ಎತ್ತಿ ಚೆಲ್ಲಿದರು. ಬಕೆಟ್ಟು ಪ್ರಸಂಗಪೀಠದ ಪಕ್ಕದ್ದೇ. ಹಾಡು ಆರಂಭವಾಯಿತು. ಎರಡು ವರ್ಷದಿಂದ ನಮಗೆ ಅಭ್ಯಾಸವಾಗಿದ್ದ ಬೇಸ್ ಇಲ್ಲದ ಹಾಡು. ತಂದೆಯವರ ಟೆನರ್ ಮಳೆಯಲ್ಲಿ ಒಂಟಿಯಾಗಿ ನಡುಗುತ್ತಿತ್ತು. ಮಾವ ಹಿಂದೆ, ಮುರಕಲ್ಲಿನ ಗೋಡೆಯ ಬಳಿ ಬರಿದಲೆಯಲ್ಲಿ ನಿಂತಿದ್ದರು. ನಾನು ಹೋಗಿ ಅವರ ತಲೆಯ ಮೇಲೆ ಕೊಡೆ ಹಿಡಿದು, ಸಂಗೀತ ಪುಸ್ತಕವನ್ನು ಅವರ ಮುಂದೆ ತೆರೆದೆ. "ಮಾವ, ಆ ಕಾಗದ ನಾನು..." ಎಂದು ತೊಡಗಿದೆ. ಅವರು ನನ್ನ ಮುಖ ನೋಡದೆ, "ಪುಸ್ತಕ ಸರಿಯಾಗಿ ಹಿಡಿ, ನೆನೆಯುತ್ತದೆ," ಎಂದರು. ಎರಡನೆಯ ಚರಣಕ್ಕೆ ಅವರ ಸ್ವರ ಕೆಳಗಿನಿಂದ ಎದ್ದು ಬಂತು. ತಂದೆಯವರು ಹಿಂದಿರುಗಿ ನೋಡಲಿಲ್ಲ. ಆದರೆ ಅವರ ಹೆಗಲು ತುಸು ಇಳಿದುದು ನನಗೆ ಕಾಣಿಸಿತು. ಆ ರಾತ್ರಿ ಊಟದ ಹೊತ್ತಿಗೆ ತಂದೆಯವರು ಆ ದಿನದ ಬಗ್ಗೆ ಆಡಿದ ಮಾತು ಒಂದೇ: "ಮೂರನೆಯ ಚರಣದಲ್ಲಿ ಅವನು ಸ್ವರ ಇಳಿಸಿಬಿಟ್ಟ. ಎರಡು ವರ್ಷ ಅಭ್ಯಾಸವಿಲ್ಲದಿದ್ದರೆ ಮತ್ತೇನಾಗುತ್ತದೆ!"

ಶನಿವಾರ ಸಂಜೆಯ ಅಭ್ಯಾಸಕ್ಕೆ ಮಾವ ಬಂದು ತಮ್ಮ ಹಳೆಯ ಕುರ್ಚಿಯಲ್ಲಿ ಕುಳಿತರಂತೆ. ಕುಶಲಪ್ರಶ್ನೆ ಆಗಲಿಲ್ಲವಂತೆ. ಹಾಡು ನಾಲ್ಕು ಕಾಲಿನ ಮೇಲೆ ನಿಂತಿತೆಂದು ಅಮ್ಮ ಫೋನಿನಲ್ಲಿ ಹೇಳಿದಳು.

ಮಾಡಿನ ಪ್ರಶ್ನೆ ಇನ್ನೂ ತೀರ್ಮಾನವಾಗಿಲ್ಲ. ಹೆಂಚಿನ ಮೇಲೆ ನೀಲಿ ಟಾರ್ಪಾಲು ಹೊದಿಸಿದ್ದಾರೆ. ಅದನ್ನು ಕೊಂಡವರು ಎರಡು ಪಕ್ಷದವರೂ, ಅರ್ಧರ್ಧ. ಮುಂದಿನ ತಿಂಗಳು ಮತ್ತೆ ಕೂಟವಿದೆ. ಈ ಸಲ ಮನವಿ ಬರೆಯಲಾರೆನೆಂದು ತಂದೆಯವರಿಗೆ ಹೇಳಿದ್ದೇನೆ. ಅವರು ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ ಮಾವನ ಫೋನು ಬಂತು. ಸಿಮೆಂಟಿನವರ ಮನವಿ ಸಿದ್ಧವಾಗಿದೆ, ಒತ್ತಕ್ಷರಗಳನ್ನೊಮ್ಮೆ ನೋಡಿಕೊಡಬೇಕೆಂದು. ಅದು ಈಗ ನನ್ನ ಮೇಜಿನ ಮೇಲಿದೆ. ಎರಡನೆಯ ಪುಟದಲ್ಲಿ ಹೆಂಚಿನವರ ಮೇಲೆ ಒಂದು ಚುಚ್ಚುಮಾತಿದೆ. ನನ್ನದಕ್ಕಿಂತ ಹರಿತವಾಗಿಯೇ ಇದೆ. ಕಾಗುಣಿತವನ್ನಷ್ಟೇ ತಿದ್ದಿದ್ದೇನೆ.