ಅಮ್ಮ ಹೇಳದ ಹೊಲಿಗೆ

ನಮ್ಮ ಮನೆಯ ಹೆಂಗಸರಿಗೆ ಹೆರಿಗೆಯ ಕತೆ ಹೇಳುವುದೆಂದರೆ ಇಷ್ಟ. ಎಷ್ಟು ಹೊತ್ತಿಗೆ ನೋವು ಬಂತು, ಮಗು ಎಷ್ಟು ತೂಕವಿತ್ತು, ಬಾಣಂತನ ಯಾರು ಮಾಡಿದರು, ಎಲ್ಲ ಹೇಳುತ್ತಾರೆ. ಹೊಲಿಗೆಯ ವಿಷಯ ಬಂದಾಗ ಮಾತ್ರ ‘ನಾಲ್ಕು ಹೊಲಿಗೆ ಬಿತ್ತು’ ಎಂದು ಮುಗಿಸಿಬಿಡುತ್ತಾರೆ. ಎಷ್ಟು ಆಳಕ್ಕೆ, ಆಮೇಲೆ ಏನಾಯಿತು ಎಂದು ಕೇಳುವವರೂ ಇಲ್ಲ.

ನನ್ನ ಮೊದಲ ಹೆರಿಗೆಯಲ್ಲಿ ಮೂರನೇ ಹಂತದ ಸೀಳು ಆಯಿತು. ಯೋನಿಗೂ ಗುದದ್ವಾರಕ್ಕೂ ನಡುವಿನ ಜಾಗ ಹೆರಿಗೆಯಲ್ಲಿ ಹರಿಯುವುದು ಸಾಮಾನ್ಯ. ವೈದ್ಯರು ಅದನ್ನು 4 ಹಂತಗಳಾಗಿ ವಿಂಗಡಿಸುತ್ತಾರೆ. ಮೊದಲನೆಯದು ಚರ್ಮದ್ದು, ಎರಡನೆಯದು ಒಳಗಿನ ಸ್ನಾಯುಗಳದ್ದು. ಮೂರನೆಯದರಲ್ಲಿ ಗುದದ್ವಾರವನ್ನು ಬಿಗಿಹಿಡಿಯುವ ಸ್ನಾಯುವೇ ಹರಿಯುತ್ತದೆ. ನಾಲ್ಕನೆಯದು ಗುದನಾಳದ ಒಳಪದರವನ್ನೂ ಮುಟ್ಟುತ್ತದೆ. ನನಗೆ ತಿಂಗಳುಗಟ್ಟಲೆ ಹೂಸನ್ನೂ ತಡೆದುಕೊಳ್ಳಲಾಗುತ್ತಿರಲಿಲ್ಲ. ನೆಂಟರು ಬಂದರೆ ಮಗು ಅಳುತ್ತಿದೆ ಎಂದು ನೆಪ ಹೇಳಿ ಒಳಗೆ ಹೋಗಿ ಕೂರುತ್ತಿದ್ದೆ.

ಒಂದು ಮಧ್ಯಾಹ್ನ ಅಮ್ಮ ಮಗುವಿನ ಬಟ್ಟೆ ಮಡಿಸುತ್ತಾ, ನನ್ನ ಮುಖ ನೋಡದೆ, ‘ನಂಗೂ ಹಂಗೇ ಆಗಿತ್ತು ಕಣೆ, ನೀನು ಹುಟ್ಟಿದಾಗ’ ಅಂದಳು. ಅಮ್ಮ ದೂರದ ಬಸ್ಸು ಹತ್ತಲು ಯಾಕೆ ಹಿಂಜರಿಯುತ್ತಿದ್ದಳು, ಮದುವೆಮನೆಗೆ ಕಾಲಿಟ್ಟ ಕೂಡಲೇ ಟಾಯ್ಲೆಟ್ಟು ಎಲ್ಲಿದೆ ಎಂದು ಯಾಕೆ ವಿಚಾರಿಸುತ್ತಿದ್ದಳು ಎಂದು ಆಗ ಅರ್ಥವಾಯಿತು.

ಇದು ಕಾಕತಾಳೀಯವೋ, ವಂಶದ್ದೋ ಎಂದು ಓದತೊಡಗಿದೆ. ನಾರ್ವೆ ದೇಶ 1967ರಿಂದ ಹೆರಿಗೆಗಳ ವಿವರಗಳನ್ನು ರಾಷ್ಟ್ರಮಟ್ಟದಲ್ಲಿ ದಾಖಲಿಸುತ್ತಾ ಬಂದಿದೆ. ಆ ದಾಖಲೆಗಳಲ್ಲಿ ತಾಯಿ-ಮಗಳು, ಅಕ್ಕ-ತಂಗಿಯರನ್ನು ಜೋಡಿಸಿ ನೋಡಿದ ಸಂಶೋಧಕರು, ತಾಯಿಗೋ ಒಡಹುಟ್ಟಿದವಳಿಗೋ ಇಂಥ ಆಳದ ಸೀಳು ಆಗಿದ್ದರೆ ಆ ಹೆಣ್ಣಿಗೂ ಆಗುವ ಸಾಧ್ಯತೆ ಹೆಚ್ಚು ಎಂದು ಕಂಡುಕೊಂಡರು. ಇದಕ್ಕೆಲ್ಲ ಒಂದೇ ಜೀನ್ ಕಾರಣವೆಂದಲ್ಲ. ಚರ್ಮಕ್ಕೂ ಸ್ನಾಯುಗಳ ಸುತ್ತಲಿನ ಅಂಗಾಂಶಕ್ಕೂ ಗಟ್ಟಿತನ ಕೊಡುವ ಕೊಲಾಜನ್ ಎಂಬ ಪ್ರೋಟೀನಿನ ಸ್ವಭಾವ ತಕ್ಕಮಟ್ಟಿಗೆ ಹುಟ್ಟಿನಿಂದ ಬರುವಂಥದ್ದು. ಅದರ ಜೊತೆಗೆ ಮೊದಲ ಹೆರಿಗೆ, ಮಗುವಿನ ತೂಕ, ಇಕ್ಕಳ ಹಾಕಿ ಮಗು ತೆಗೆಯುವುದು ಇವೆಲ್ಲ ಸೇರುತ್ತವೆ. ತಾಯಿಗೆ ಆದದ್ದು ಮಗಳಿಗೆ ಆಗಿಯೇ ತೀರಬೇಕೆಂದಿಲ್ಲ.

ನಾರ್ವೆಯ ಮಗಳಿಗೆ ಸರ್ಕಾರದ ದಾಖಲೆ ಇದೆ. ನಮ್ಮ ಮನೆಯಲ್ಲಿ ದಾಖಲೆ ಎಂದರೆ ಅಮ್ಮನ ನೆನಪು. ನಾನು ಬಸುರಿಯಾಗಿದ್ದಾಗ ಮನೆಯಲ್ಲಿ ಯಾರಿಗೆ ಸಕ್ಕರೆ ಕಾಯಿಲೆ, ಯಾರಿಗೆ ಬಿಪಿ ಎಂದೆಲ್ಲ ಕೇಳಿ ಬರೆದುಕೊಂಡರು. ಅಮ್ಮನ ಹೊಲಿಗೆಯ ಬಗ್ಗೆ ಯಾರೂ ಕೇಳಲಿಲ್ಲ. ಕೇಳಿದ್ದರೂ ನನ್ನ ಬಳಿ ಉತ್ತರವಿರಲಿಲ್ಲ. ಅಮ್ಮ ಹೇಳಿರಲಿಲ್ಲ, ಅವಳಿಗೆ ಅವಳಮ್ಮ ಏನೂ ಹೇಳಿರಲಿಲ್ಲ. ನಾಚಿಕೆಯೂ ಹೀಗೆ ತಾಯಿಯಿಂದ ಮಗಳಿಗೆ ಬರುತ್ತದೆ.

ತಂಗಿಗೆ ಈಗ ಏಳು ತಿಂಗಳು ತುಂಬಿದೆ. ಅವಳಿಗೆ ಎಲ್ಲವನ್ನೂ ಬಿಡಿಸಿ ಹೇಳಿದ್ದೇನೆ. ಅವಳ ಡಾಕ್ಟರು ಅದನ್ನು ಕೇಳಿ ಫೈಲಿನಲ್ಲಿ ಬರೆದುಕೊಂಡರಂತೆ. ಮಗು ಹೊರಬರುವ ಹೊತ್ತಿನಲ್ಲಿ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಆ ಜಾಗಕ್ಕೆ ಒತ್ತಿ ಹಿಡಿದರೆ ಆಳದ ಸೀಳು ಕಡಿಮೆಯಾಗುತ್ತದೆಂದು ಅಧ್ಯಯನಗಳು ತೋರಿಸಿವೆ. ಅದರ ಬಗ್ಗೆಯೂ ಕೇಳಿಕೊಂಡು ಬಂದಿದ್ದಾಳೆ.

ನಾನು ಹೋಗುವ ಫಿಸಿಯೋಥೆರಪಿಸ್ಟ್ ಹತ್ತಿರ ಅಮ್ಮನನ್ನೂ ಕರೆದುಕೊಂಡು ಹೋದೆ. ‘ಈ ವಯಸ್ಸಲ್ಲಿ ಇದೆಲ್ಲ ಯಾಕೆ’ ಅಂದಳು. ಆದರೂ ಹೇಳಿಕೊಟ್ಟ ವ್ಯಾಯಾಮವನ್ನು ದಿನಾ ರಾತ್ರಿ, ದೀಪ ಆರಿಸಿದ ಮೇಲೆ, ತಪ್ಪದೆ ಮಾಡುತ್ತಾಳೆ.