ದೋಷವಿಲ್ಲದ ಜಾತಕ

ನನ್ನ ಉದ್ಯೋಗವೂ ಒಂದು ಬಗೆಯ ವರಾನ್ವೇಷಣೆಯೇ. ಕಂಪನಿಗಳಿಗೆ ಸೈಬರ್ ಭದ್ರತೆಯ ಮುಖ್ಯಾಧಿಕಾರಿಗಳನ್ನು ಹುಡುಕಿಕೊಡುತ್ತೇನೆ. ಈ ಹುದ್ದೆ ಹುಟ್ಟಿದ್ದೇ ಕಳವಿನಿಂದ. 1994ರಲ್ಲಿ ಸಿಟಿಬ್ಯಾಂಕಿಗೆ ಕಂಪ್ಯೂಟರಿನ ಮೂಲಕ ಕನ್ನ ಬಿತ್ತು. ಮರುವರ್ಷ ಅಲ್ಲಿ ನೇಮಕಗೊಂಡ ಸ್ಟೀವ್ ಕಾಟ್ಜ್ ಈ ಕುಲದ ಮೂಲಪುರುಷರೆಂದು ಹೆಸರಾದರು.

ಒಮ್ಮೆ ಕೊನೆಗೆ ಇಬ್ಬರು ಉಳಿದರು. "ನನ್ನ ಕಾಲದಲ್ಲಿ ಒಂದು ಕಳವೂ ಆಗಿಲ್ಲ" ಎಂದರು ಒಬ್ಬರು. ಇನ್ನೊಬ್ಬರು, "ಆಗಿದೆ ಸಾರ್. ಮೂರು ತಿಂಗಳು ಕಳ್ಳ ಒಳಗೇ ಇದ್ದ. ತಿಳಿದ ರಾತ್ರಿಯೇ ಯಜಮಾನರನ್ನು ಎಬ್ಬಿಸಿ ಹೇಳಿದೆ" ಎಂದರು. ಆಮೇಲೆ ಕೇಳಿದರು: "ಇಲ್ಲಿ ಕೆಟ್ಟ ಸುದ್ದಿಯನ್ನು ಯಾರಿಗೆ ಹೇಳಬೇಕು?" ನನ್ನಲ್ಲಿ ಉತ್ತರವಿರಲಿಲ್ಲ. ದೋಷವಿಲ್ಲದ ಜಾತಕವನ್ನೇ ಕಳುಹಿಸಿಕೊಟ್ಟೆ.

ವರ್ಷ ತುಂಬುವುದರೊಳಗೆ ಆ ಕಂಪನಿಯ ಗ್ರಾಹಕರ ವಿವರಗಳು ಸೋರಿದವು. ಯಜಮಾನರಿಗೆ ಅದು ತಿಳಿದದ್ದು ಹೊರಗಿನವರಿಂದ. ಭದ್ರತಾಧಿಕಾರಿಗೆ ಮೊದಲೇ ಗೊತ್ತಿತ್ತಂತೆ!

2022ರಲ್ಲಿ ಊಬರ್ ಕಂಪನಿಯ ಮಾಜಿ ಭದ್ರತಾಧಿಕಾರಿಯನ್ನು ಅಮೆರಿಕದ ನ್ಯಾಯಾಲಯ ಅಪರಾಧಿಯೆಂದದ್ದು ಕನ್ನ ಬಿದ್ದದ್ದಕ್ಕಲ್ಲ, ಮುಚ್ಚಿಟ್ಟದ್ದಕ್ಕೆ.

ಈಗ ಬಂದವರನ್ನು ಮೊದಲು ಕೇಳುತ್ತೇನೆ: "ಕನ್ನ ಬಿದ್ದ ಕಥೆ ಹೇಳಿ." ಯಜಮಾನರನ್ನೂ ಕೇಳುತ್ತೇನೆ: "ಇವರು ನಡುರಾತ್ರಿ ಎಬ್ಬಿಸಿದರೆ ಏಳುತ್ತೀರಾ?" ಹೆಚ್ಚಿನವರು ಸಂಬಳದ ಮಾತೆತ್ತುತ್ತಾರೆ.